ಲೈವ್ ಆಲ್ಬಮ್ ನಿಜಕ್ಕೂ ಲೈವ್ ಆಗಿರುತ್ತಾ? ರೋರಿ ಗ್ಯಾಲಗರ್ ಅವರ 'ಐರಿಷ್ ಟೂರ್ '74' ಕೇಳುವ ಬಗೆ

ಪ್ರಶ್ನೆ: ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ನಾಲ್ಕು ಜನ ಸೇರಿ ಒಂದು ರಾಕ್ ಬ್ಯಾಂಡ್ ಕಟ್ಟಿಕೊಂಡಿದ್ದೇವೆ. ಗಿಟಾರ್ ನನ್ನದು, ಕೀಬೋರ್ಡ್, ಬೇಸ್, ಡ್ರಮ್ಸ್ ಉಳಿದವರದು. ಸೀನಿಯರ್ ಒಬ್ಬರು ಐರ್ಲೆಂಡಿನ ಗಿಟಾರಿಸ್ಟ್ ರೋರಿ ಗ್ಯಾಲಗರ್ ಅವರ 'ಐರಿಷ್ ಟೂರ್ '74' ಅನ್ನೋ ಲೈವ್ ಆಲ್ಬಮ್ ಕೇಳು ಅಂದರು. ಕೇಳಿದೆ. ಸದ್ದು ಒರಟಾಗಿದೆ, ಹಾಡುಗಳು ತುಂಬಾ ಉದ್ದ. ಇದನ್ನು ಯಾಕೆ ಅಷ್ಟು ಹೊಗಳುತ್ತಾರೆ ಅಂತ ಗೊತ್ತಾಗಲಿಲ್ಲ. ಇನ್ನೊಬ್ಬ ಗೆಳೆಯ 'ಲೈವ್ ಆಲ್ಬಮ್‌ಗಳನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ ತಿದ್ದಿರುತ್ತಾರೆ, ಸುಮ್ನೆ ಮೋಸ' ಅನ್ನುತ್ತಾನೆ. ಅದು ನಿಜವೇ? ಆ ಗಿಟಾರ್ ಸದ್ದು ಮಾತ್ರ ಇಷ್ಟವಾಯಿತು. ಅದು ಬರಬೇಕಾದರೆ ಯಾವ ಪೆಡಲ್ (ಗಿಟಾರ್ ಸದ್ದು ಬದಲಿಸುವ ಡಬ್ಬಿ) ಕೊಳ್ಳಬೇಕು?

ಉತ್ತರ: ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಮೊದಲು ಅದನ್ನೇ ನೋಡಿಬಿಡೋಣ. ಯಾಕಂದರೆ ಈ ಆಲ್ಬಮ್ಮನ್ನು ಜನ ಯಾಕೆ ಹೊಗಳುತ್ತಾರೆ ಅನ್ನೋದಕ್ಕೆ ಉತ್ತರವೂ ಅಲ್ಲೇ ಇದೆ.

1970ರ ದಶಕದ ಹಾರ್ಡ್ ರಾಕ್ ಲೈವ್ ಆಲ್ಬಮ್‌ಗಳಲ್ಲಿ ಸ್ಟುಡಿಯೋದ ಕೈ ತಾಗದೆ ಬಂದವು ಕಡಿಮೆ. ಥಿನ್ ಲಿಜ್ಜಿಯ 'ಲೈವ್ ಅಂಡ್ ಡೇಂಜರಸ್' 1978ರಲ್ಲಿ ಬಂತು. ಅದರಲ್ಲಿ ಮುಕ್ಕಾಲು ಭಾಗ ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ್ದು ಅಂತ ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದ್ದಾರೆ. ಬ್ಯಾಂಡಿನ ಮ್ಯಾನೇಜರ್ ಕಡೆಯವರು ಅದನ್ನು ಒಪ್ಪುವುದಿಲ್ಲ. ಮುಕ್ಕಾಲು ಭಾಗ ಲೈವ್, ಕಾಲು ಭಾಗ ಮಾತ್ರ ರಿಪೇರಿ ಅನ್ನುತ್ತಾರೆ. ಮುಕ್ಕಾಲು ಅನ್ನೋದಕ್ಕೆ ಇಬ್ಬರದೂ ಒಪ್ಪಿಗೆ, ಯಾವ ಮುಕ್ಕಾಲು ಅನ್ನೋದೇ ಜಗಳ! ಜೂಡಸ್ ಪ್ರೀಸ್ಟ್ 1979ರಲ್ಲಿ ಟೋಕಿಯೋದಲ್ಲಿ ರೆಕಾರ್ಡ್ ಮಾಡಿದ 'ಅನ್‌ಲೀಶ್ಡ್ ಇನ್ ದಿ ಈಸ್ಟ್'ನದೂ ಇದೇ ಕತೆ. ಹಾಡಿದ್ದನ್ನು ಸ್ಟುಡಿಯೋದಲ್ಲಿ ಮತ್ತೆ ಹಾಡಿದೆ ಅಂತ ಗಾಯಕ ರಾಬ್ ಹಾಲ್‌ಫರ್ಡ್ ಅವರೇ ಒಪ್ಪಿಕೊಂಡಿದ್ದಾರೆ. ಕಿಸ್ ಬ್ಯಾಂಡಿನ 1975ರ 'ಅಲೈವ್!' ಬಗ್ಗೆಯಂತೂ ಕೇಳುವುದೇ ಬೇಡ. ಇನ್ನೊಂದು ತುದಿಯಲ್ಲಿ ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ಇದೆ. 1972ರ ಆಗಸ್ಟ್‌ನಲ್ಲಿ ಒಸಾಕಾದಲ್ಲಿ ಎರಡು ರಾತ್ರಿ, ಟೋಕಿಯೋದಲ್ಲಿ ಒಂದು ರಾತ್ರಿ, ಎಂಟು ಟ್ರ್ಯಾಕಿನ ಟೇಪಿನಲ್ಲಿ ಹಿಡಿದದ್ದು. ಆಮೇಲೆ ಏನನ್ನೂ ಸೇರಿಸಿಲ್ಲ ಅನ್ನೋದು ಬ್ಯಾಂಡಿನವರ ಹೆಮ್ಮೆ.

ತಿದ್ದಿದ್ದನ್ನೆಲ್ಲ ಮೋಸ ಅಂದರೆ ನಾನು ಒಪ್ಪುವುದಿಲ್ಲ. 'ಲೈವ್ ಅಂಡ್ ಡೇಂಜರಸ್' ಕೇಳೋಕೆ ಅದ್ಭುತವಾಗಿದೆ, ಅಷ್ಟು ಸಾಕು. ಆದರೆ ನೀವು ಕೇಳುವುದರ ಜೊತೆಗೆ ಕಲಿಯುತ್ತಲೂ ಇದ್ದೀರಿ. ಕಲಿಯುವವರಿಗೆ ತಿದ್ದದ ರೆಕಾರ್ಡಿಂಗ್ ಬೇಕು. ನುಡಿಸುವವನಿಗೆ ಮುಂದಿನ ಕ್ಷಣ ಏನು ಬರುತ್ತದೆ ಅಂತ ಗೊತ್ತಿಲ್ಲದಿದ್ದಾಗ ಅವನ ಕೈ ಏನು ಮಾಡುತ್ತದೆ, ಜೊತೆಗಿರುವ ಮೂವರು ಅದಕ್ಕೆ ಹೇಗೆ ತಿರುಗಿಕೊಳ್ಳುತ್ತಾರೆ? ಇದು ಸ್ಟುಡಿಯೋದಲ್ಲಿ ಸಿಗೋದಿಲ್ಲ. ತಿದ್ದಿದ ಲೈವ್‌ನಲ್ಲಿ ಮೊದಲು ಅಳಿಸಿ ಹೋಗೋದೂ ಇದೇ. 'ಐರಿಷ್ ಟೂರ್ '74' ದೊಡ್ಡದಾಗಿರೋದು ಈ ಒಂದು ಕಾರಣಕ್ಕೆ.

ತಿದ್ದಿದ್ದಾರೋ ಇಲ್ಲವೋ ಅಂತ ಕಿವಿಯಿಂದಲೇ ಕಂಡುಹಿಡಿಯಬಹುದಾ? ಸ್ವಲ್ಪ ಮಟ್ಟಿಗೆ ಹೌದು. ವೇದಿಕೆಯ ಮೇಲೆ ಪ್ರತಿ ವಾದ್ಯಕ್ಕೂ ಒಂದೊಂದು ಮೈಕ್ ಇದ್ದರೂ ಪ್ರತಿ ಮೈಕಿಗೂ ಎಲ್ಲ ವಾದ್ಯಗಳ ಸದ್ದು ಬೀಳುತ್ತದೆ. ಗಾಯಕನ ಮೈಕಿನಲ್ಲಿ ಹಿಂದಿರುವ ಡ್ರಮ್ಸ್‌ನ ಸಿಂಬಲ್ ಕೇಳುತ್ತದೆ. ಡ್ರಮ್ಸ್ ಮೈಕಿನಲ್ಲಿ ಗಿಟಾರ್ ಆಂಪ್ (ಗಿಟಾರ್ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ) ಕೇಳುತ್ತದೆ. ಇದಕ್ಕೆ ಬ್ಲೀಡ್ ಅನ್ನುತ್ತಾರೆ. ಒಂದು ಗಿಟಾರ್ ಸೋಲೋ (ಗಿಟಾರ್ ಒಂದೇ ಮುಂದೆ ಬಂದು ನುಡಿಸುವ ಭಾಗ) ಹಾಳಾಗಿದೆ, ಆಮೇಲೆ ಬದಲಾಯಿಸೋಣ ಅಂತಿಟ್ಟುಕೊಳ್ಳಿ. ಗಿಟಾರ್ ಟ್ರ್ಯಾಕ್ ಅಳಿಸಿದರೂ ಡ್ರಮ್ಸ್ ಮೈಕುಗಳಲ್ಲಿ ಹಳೆಯ ಸೋಲೋ ಭೂತದ ಹಾಗೆ ಉಳಿದಿರುತ್ತದೆ. ಹಾಗಾಗಿ ಬೇರೆ ಸ್ವರ ನುಡಿಸೋಕೆ ಆಗುವುದಿಲ್ಲ, ಅದನ್ನೇ ಇನ್ನೊಂದು ಸಲ ಚೊಕ್ಕವಾಗಿ ನುಡಿಸಬೇಕು. ಹಾಡುಗಾರಿಕೆಯನ್ನು ಬದಲಾಯಿಸೋದು ಇದಕ್ಕಿಂತ ಸುಲಭ. ಅದಕ್ಕೇ ಲೈವ್ ಆಲ್ಬಮ್‌ಗಳಲ್ಲಿ ಜಾಸ್ತಿ ತಿದ್ದಿರೋದು ಹಾಡುಗಾರಿಕೆಯನ್ನು. ಗಾಯಕ ಬಾಯಿ ಮುಚ್ಚಿದ ಕೂಡಲೇ ಸಿಂಬಲ್‌ಗಳ ಬಣ್ಣ ಬದಲಾಗುತ್ತದಾ, ಸುತ್ತಲಿನ ಹಾಲ್ ಒಮ್ಮೆಗೇ ಚಿಕ್ಕದಾದ ಹಾಗೆ ಅನಿಸುತ್ತದಾ? ಹೆಡ್‌ಫೋನ್ ಹಾಕಿಕೊಂಡು ಅಂಥ ಜಾಗ ಹುಡುಕಿ.

ಜನರ ಗದ್ದಲವೂ ಒಂದು ಸುಳಿವು, ಆದರೆ ಅದನ್ನು ತಪ್ಪಾಗಿ ಓದುವವರೇ ಜಾಸ್ತಿ. ಹಾಡು ನಡೆಯುವಾಗ ಜನರ ಸದ್ದು ಕಡಿಮೆ, ಮುಗಿದ ಕೂಡಲೇ ದಿಢೀರ್ ಅಂತ ಏರುತ್ತದೆ. ಇದನ್ನು ಕೇಳಿ 'ಚಪ್ಪಾಳೆ ಅಂಟಿಸಿದ್ದಾರೆ' ಅನ್ನುತ್ತಾರೆ. ಹಾಗೇ ಆಗಿರಬೇಕು ಅಂತೇನಿಲ್ಲ. ಸದ್ದು ಒಂದು ಮೀಟರ್ ಹೋಗೋಕೆ ಸುಮಾರು 3 ಮಿಲಿಸೆಕೆಂಡ್ ಬೇಕು. ವೇದಿಕೆಯಿಂದ 30 ಮೀಟರ್ ದೂರದಲ್ಲಿ ಜನರಿಗಾಗಿ ಇಟ್ಟ ಮೈಕಿಗೆ ಡ್ರಮ್ಸ್ ಏಟು ಸುಮಾರು 90 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಅದನ್ನು ಹಾಡಿನ ನಡುವೆ ಜೋರಾಗಿ ಇಟ್ಟರೆ ಪ್ರತಿ ಏಟೂ ಎರಡೆರಡು ಸಲ ಕೇಳುತ್ತದೆ, ತಾಳ ಕಲಸಿಹೋಗುತ್ತದೆ. ಅದಕ್ಕೇ ಮಿಕ್ಸ್ ಮಾಡುವವರು ಹಾಡಿನ ನಡುವೆ ಆ ಮೈಕಿನ ಫೇಡರ್ (ಸದ್ದು ಏರಿಳಿಸುವ ಗುಂಡಿ) ಇಳಿಸಿ ಕೊನೆಯಲ್ಲಿ ಏರಿಸುತ್ತಾರೆ.

ಎಲ್ಲಕ್ಕಿಂತ ಸುಲಭದ ಸುಳಿವು ನಿಮ್ಮ ಕಣ್ಣ ಮುಂದೆಯೇ ಇದೆ. ನಿಮ್ಮದು ಒಂದೇ ಗಿಟಾರಿನ ಬ್ಯಾಂಡ್. ನೀವು ಸೋಲೋಗೆ ಹೋದ ಕೂಡಲೇ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಹಿಡಿಯೋಕೆ ಯಾರೂ ಇರುವುದಿಲ್ಲ, ಅಡಿಯಲ್ಲಿ ಒಂದು ಹಳ್ಳ ಬೀಳುತ್ತದೆ ಅಲ್ವಾ? ಒಬ್ಬನೇ ಗಿಟಾರಿಸ್ಟ್ ಇರುವ ಬ್ಯಾಂಡಿನ ಲೈವ್ ಆಲ್ಬಮ್ಮಿನಲ್ಲಿ ಆ ಹಳ್ಳ ಕೇಳದೇ ಇದ್ದರೆ ಅನುಮಾನ ಪಡಿ. 'ಐರಿಷ್ ಟೂರ್'ನಲ್ಲಿ ಹಳ್ಳ ಸ್ಪಷ್ಟವಾಗಿ ಕೇಳುತ್ತದೆ. ಸೋಲೋ ಶುರುವಾದಾಗ ಕಾರ್ಡ್ ಹಿಡಿಯುವ ರಿದಮ್ ಗಿಟಾರ್ ಮಾಯ. ಬೇಸ್ ದಪ್ಪ ಆಗುತ್ತದೆ, ಕೀಬೋರ್ಡ್ ಮುಂದೆ ಬರುತ್ತದೆ. ನೀವು 'ಒರಟು' ಅಂದಿರಲ್ಲ, ಅದರಲ್ಲಿ ಒಂದು ಪಾಲು ಇದೇ.

ಈಗ ಆ ಮನುಷ್ಯನ ಬಗ್ಗೆ ಸ್ವಲ್ಪ. ರೋರಿ ಗ್ಯಾಲಗರ್ ಹುಟ್ಟಿದ್ದು 1948ರಲ್ಲಿ, ಐರ್ಲೆಂಡಿನ ಡೋನಿಗಾಲ್ ಕೌಂಟಿಯ ಬ್ಯಾಲಿಶಾನನ್‌ನಲ್ಲಿ. ಬೆಳೆದದ್ದು ಡೆರಿ ಮತ್ತು ಕಾರ್ಕ್ ಊರುಗಳಲ್ಲಿ. 1963ರಲ್ಲಿ, ಇನ್ನೂ ಹದಿನೈದರ ಹುಡುಗನಾಗಿದ್ದಾಗ, ಕಾರ್ಕ್‌ನ ಕ್ರೌಲಿ ಸಂಗೀತದ ಅಂಗಡಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಫೆಂಡರ್ ಸ್ಟ್ರ್ಯಾಟೋಕ್ಯಾಸ್ಟರ್ ನೋಡಿದರು. 1961ರ ಮಾಡೆಲ್, ಸನ್‌ಬರ್ಸ್ಟ್ ಬಣ್ಣ. ಮೊದಲಿನ ಮಾಲೀಕನಿಗೆ ಕೆಂಪು ಬಣ್ಣದ್ದು ಬೇಕಿತ್ತಂತೆ, ಹಾಗಾಗಿ ಇದನ್ನು ಮಾರಿಬಿಟ್ಟಿದ್ದರು. ಬೆಲೆ ಸುಮಾರು ನೂರು ಪೌಂಡ್. ಆ ಮನೆಗೆ ಅದು ಭಾರಿ ದುಡ್ಡು. ತಮ್ಮ ಡೋನಲ್ ಹೇಳಿಕೊಂಡಿರುವ ಪ್ರಕಾರ ರೋರಿ ತಾಯಿಯನ್ನು ಒಪ್ಪಿಸಿದ್ದು ಹೀಗೆ: ಈ ಗಿಟಾರಿನಲ್ಲಿ ರಿದಮ್, ಲೀಡ್ (ಮುಂದೆ ಕೇಳುವ ರಾಗದ ಭಾಗ) ಎರಡನ್ನೂ ನಾನೇ ನುಡಿಸುತ್ತೇನೆ, ಇನ್ನೊಬ್ಬ ಗಿಟಾರಿಸ್ಟ್ ಬೇಡ, ಅವನ ಪಾಲಿನ ದುಡ್ಡೂ ನಮಗೇ ಉಳಿಯುತ್ತದೆ, ಸಾಲ ಬೇಗ ತೀರುತ್ತದೆ! ತಾಯಿಗೆ ಕೊಟ್ಟ ಆ ಮಾತನ್ನು ಹತ್ತು ವರ್ಷದ ನಂತರ ಈ ಆಲ್ಬಮ್ಮಿನಲ್ಲಿ ಉಳಿಸಿಕೊಂಡಿದ್ದಾರೆ. ಹಾಡುವಾಗ ಎರಡು ಸಾಲುಗಳ ನಡುವೆ ಲೀಡ್, ಲೀಡ್ ನಡುವೆ ಚೂರು ಕಾರ್ಡ್. ಒಂದೇ ಕೈ ಎರಡು ಕೆಲಸ ಮಾಡುತ್ತಾ ಹೋಗುತ್ತದೆ.

ಆ ಗಿಟಾರ್ ಒಮ್ಮೆ ಡಬ್ಲಿನ್‌ನಲ್ಲಿ ಕಳುವಾಗಿ, ಚರಂಡಿಯಲ್ಲಿ ಬಿದ್ದದ್ದು ಸಿಕ್ಕಿತು. ಬಣ್ಣ ಎಲ್ಲ ಎದ್ದುಹೋಗಿ ಬರೀ ಮರ ಉಳಿದಿರೋದನ್ನು ಫೋಟೋಗಳಲ್ಲಿ ನೋಡಿರುತ್ತೀರಿ. ವೇದಿಕೆಯ ಮೇಲೆ ಅವರು ಸುರಿಸುತ್ತಿದ್ದ ಬೆವರಿನಿಂದ ಹಾಗಾಯಿತು ಅನ್ನುತ್ತಾರೆ. ಈಗ ಹೊಸ ಗಿಟಾರನ್ನೇ ಹಳೆಯದರ ಹಾಗೆ ಉಜ್ಜಿ, ಕೆರೆದು ಜಾಸ್ತಿ ಬೆಲೆಗೆ ಮಾರುತ್ತಾರೆ. ಇರಲಿ, ಅದು ಬೇರೆ ಕತೆ. 2024ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಆ ಗಿಟಾರ್ ಸುಮಾರು 8.9 ಲಕ್ಷ ಪೌಂಡಿಗೆ ಹೋಯಿತು. ಕೊಂಡವರು ಅದನ್ನು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು.

ರೋರಿಯವರ ಮೊದಲ ಹೆಸರಾಂತ ಬ್ಯಾಂಡ್ ಟೇಸ್ಟ್. ಅದು 1970ರ ಕೊನೆಯಲ್ಲಿ ಒಡೆದುಹೋಯಿತು. ಆಮೇಲೆ ತಮ್ಮದೇ ಹೆಸರಿನಲ್ಲಿ ಹೊರಟರು. 1974ರ ಹೊತ್ತಿಗೆ ಜೊತೆಗಿದ್ದವರು ಬೇಸ್‌ನಲ್ಲಿ ಜೆರಿ ಮೆಕ್‌ಅವೋಯ್, ಕೀಬೋರ್ಡ್‌ನಲ್ಲಿ ಲೂ ಮಾರ್ಟಿನ್, ಡ್ರಮ್ಸ್‌ನಲ್ಲಿ ರಾಡ್ ಡೆಆತ್. ಇದನ್ನು ಗಮನಿಸಿ: ನಿಮ್ಮ ಬ್ಯಾಂಡಿನಲ್ಲಿ ಏನೇನಿದೆಯೋ ಅದೇ ಜೋಡಣೆ. ನಿಮ್ಮ ಸೀನಿಯರ್ ಸುಮ್ನೆ ಹೇಳಿರಲಿಕ್ಕಿಲ್ಲ.

ಹಾಡನ್ನು ಸಿಂಗಲ್ ಆಗಿ ಬಿಡೋದು ಅಂದರೆ ರೋರಿಗೆ ಆಗುತ್ತಿರಲಿಲ್ಲ. ಹಾಡನ್ನು ಮೂರು ನಿಮಿಷಕ್ಕೆ ಕತ್ತರಿಸಿ ರೇಡಿಯೋಗೆ ಕೊಡಬೇಕಲ್ಲ, ಅದಕ್ಕೇ. ಹೀಗಾಗಿ ಜನಕ್ಕೆ ಅವರು ಮುಟ್ಟಿದ್ದು ಕಾರ್ಯಕ್ರಮಗಳಿಂದ. 1972ರಲ್ಲೇ 'ಲೈವ್ ಇನ್ ಯುರೋಪ್' ಅನ್ನೋ ಲೈವ್ ಆಲ್ಬಮ್ ಬಂದು ಚೆನ್ನಾಗಿ ಓಡಿತ್ತು. ಎರಡೇ ವರ್ಷಕ್ಕೆ ಇನ್ನೊಂದು, ಅದೂ ಎರಡು ಎಲ್‌ಪಿ. ಆದರೆ ಈ ಸಲ ಹಾಡುಗಳು ಹೆಚ್ಚಾಗಿ ಅವರವೇ. 'ಕ್ರೇಡಲ್ ರಾಕ್', 'ಟ್ಯಾಟೂಡ್ ಲೇಡಿ', 'ಎ ಮಿಲಿಯನ್ ಮೈಲ್ಸ್ ಅವೇ', 'ಹೂಸ್ ದಟ್ ಕಮಿಂಗ್' ಹಿಂದಿನ ವರ್ಷ ಬಂದಿದ್ದ 'ಟ್ಯಾಟೂ' ಆಲ್ಬಮ್ಮಿನವು.

ರೆಕಾರ್ಡಿಂಗ್ ಆದದ್ದು 1974ರ ಜನವರಿಯ ಪ್ರವಾಸದಲ್ಲಿ. ಬೆಲ್‌ಫಾಸ್ಟ್‌ನ ಅಲ್‌ಸ್ಟರ್ ಹಾಲ್, ಡಬ್ಲಿನ್‌ನ ಕಾರ್ಲ್‌ಟನ್ ಸಿನಿಮಾ, ಕಾರ್ಕ್‌ನ ಸಿಟಿ ಹಾಲ್. ಬಳಸಿದ್ದು ರಾನಿ ಲೇನ್ ಅವರ ಮೊಬೈಲ್ ಸ್ಟುಡಿಯೋ. ಫೇಸಸ್ ಬ್ಯಾಂಡಿನ ಬೇಸಿಸ್ಟ್ ರಾನಿ ಲೇನ್ ಒಂದು ಏರ್‌ಸ್ಟ್ರೀಮ್ ಕ್ಯಾರವಾನ್ ಒಳಗೆ ಪೂರ್ತಿ ಸ್ಟುಡಿಯೋ ಕಟ್ಟಿಸಿಕೊಂಡಿದ್ದರು. ಲೆಡ್ ಜೆಪಲಿನ್‌ನ 'ಫಿಸಿಕಲ್ ಗ್ರಾಫಿಟಿ'ಗೆ ದುಡಿದದ್ದೂ ಇದೇ ಗಾಡಿ. ಹಾಲ್ ಹೊರಗೆ ಗಾಡಿ ನಿಲ್ಲಿಸಿ, ಕೇಬಲ್ ಒಳಗೆಳೆದು, ವೇದಿಕೆಯ ಮೈಕುಗಳನ್ನು ನೇರ ಟೇಪಿಗೆ ಹಿಡಿಯೋದು. ಇದೇ ಪ್ರವಾಸವನ್ನು ನಿರ್ದೇಶಕ ಟೋನಿ ಪಾಮರ್ ಸಿನಿಮಾ ಕೂಡ ಮಾಡಿದರು. ಆಲ್ಬಮ್ ಅದೇ ವರ್ಷ ಪಾಲಿಡೋರ್ ಕಂಪನಿಯಿಂದ ಬಂತು.

ಬೆಲ್‌ಫಾಸ್ಟ್ ಹೆಸರು ಸುಮ್ನೆ ಓದಿ ಮುಂದೆ ಹೋಗಬೇಡಿ. ಆ ಊರಿರುವ ಉತ್ತರ ಐರ್ಲೆಂಡಿನಲ್ಲಿ ಆಗ ಕ್ಯಾಥಲಿಕ್-ಪ್ರಾಟೆಸ್ಟೆಂಟ್ ಕಲಹ, ಬಾಂಬು, ಗುಂಡು ದಿನನಿತ್ಯದ ಸುದ್ದಿ. ಹೊರಗಿನ ರಾಕ್ ಬ್ಯಾಂಡ್‌ಗಳು ಅಲ್ಲಿಗೆ ಬರೋದನ್ನೇ ಹೆಚ್ಚುಕಮ್ಮಿ ನಿಲ್ಲಿಸಿದ್ದವು. ರೋರಿ ಮಾತ್ರ ವರ್ಷ ವರ್ಷ ಅಲ್‌ಸ್ಟರ್ ಹಾಲ್‌ಗೆ ಹೋಗುತ್ತಿದ್ದರು. ಕ್ಯಾಥಲಿಕ್, ಪ್ರಾಟೆಸ್ಟೆಂಟ್ ಹುಡುಗರು ಒಂದೇ ಸೂರಿನಡಿ ನಿಂತು ಕೇಳುತ್ತಿದ್ದರು. ಅಪಾಯ ಬಾಯಿಮಾತಿನದಲ್ಲ. ಮುಂದಿನ ವರ್ಷವೇ, 1975ರ ಜುಲೈ 31ರಂದು, ಕಾರ್ಯಕ್ರಮ ಮುಗಿಸಿ ವ್ಯಾನಿನಲ್ಲಿ ಡಬ್ಲಿನ್‌ಗೆ ಮರಳುತ್ತಿದ್ದ 'ಮಯಾಮಿ ಶೋಬ್ಯಾಂಡ್' ಅನ್ನೋ ಐರಿಷ್ ಬ್ಯಾಂಡಿನ ಮೂವರನ್ನು ದಾರಿಯಲ್ಲಿ ತಡೆದು ಕೊಂದರು. ಆ ಕಾಲದಲ್ಲಿ ಅಂಥ ಊರಿಗೆ ಗಿಟಾರ್ ಹಿಡಿದು ಬಂದವನನ್ನು ಜನ ಮರೆಯೋದಿಲ್ಲ. 2025ರ ಜನವರಿಯಲ್ಲಿ ಅಲ್‌ಸ್ಟರ್ ಹಾಲ್ ಹೊರಗೆ ರೋರಿಯವರ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ. ಆಲ್ಬಮ್ಮಿನಲ್ಲಿ ಜನರ ಕೂಗು ಕೇಳುವಾಗ ಇದು ಗೊತ್ತಿದ್ದರೆ ಒಳ್ಳೇದು. ಅದು ಸ್ಟಾರ್ ನೋಡಿದ ಖುಷಿಗಿಂತ ಬೇರೆ ಥರದ ಕೂಗು.

ಇನ್ನು ಕೇಳೋಣ. ಮೊದಲ ಹಾಡಿನಿಂದ ಕೊನೆಯವರೆಗೆ ಒಂದೇ ಸಲ ಕೇಳೋಕೆ ಹೋಗಿ ಸುಸ್ತಾಗಿದ್ದೀರಿ ಅಂತ ನನ್ನ ಊಹೆ. 'ಎ ಮಿಲಿಯನ್ ಮೈಲ್ಸ್ ಅವೇ' ಒಂದನ್ನೇ ತೆಗೆದುಕೊಳ್ಳಿ. ಹೋಟೆಲಿನ ಬಾರ್ ಜನರಿಂದ ತುಂಬಿದೆ, ಒಳಗೆ ಕೂತವನ ಮನಸ್ಸು ಮಾತ್ರ ಎಲ್ಲೋ ದೂರದಲ್ಲಿದೆ. ಅಷ್ಟೇ ಕತೆ. ಮೊದಲು 'ಟ್ಯಾಟೂ' ಆಲ್ಬಮ್ಮಿನ ಸ್ಟುಡಿಯೋ ಹಾಡು ಕೇಳಿ. ಸುಮಾರು ಏಳು ನಿಮಿಷ. ಅಲ್ಲಿ ರೋರಿಯವರೇ ನುಡಿಸಿದ ಸ್ಯಾಕ್ಸೊಫೋನ್ ಕೂಡ ಇದೆ. ಅದು ಮುಗಿದ ಕೂಡಲೇ ಲೈವ್ ಹಾಕಿ. ಒಂಬತ್ತೂವರೆ ನಿಮಿಷ, ಸ್ಯಾಕ್ಸೊಫೋನ್ ಇಲ್ಲ. ಆ ಜಾಗವನ್ನೆಲ್ಲ ಗಿಟಾರ್ ಒಂದೇ ತುಂಬಬೇಕು.

ಇಲ್ಲಿ ಸೋಲೋ ಶುರುವಾಗೋದು ಜೋರಾಗಿ ಅಲ್ಲ. ಸದ್ದು ಇಳಿಯುತ್ತದೆ. ಗಿಟಾರಿನ ವಾಲ್ಯೂಮ್ ನಾಬ್ ಇಳಿಸಿ ತೆಳ್ಳಗೆ, ಗಾಜಿನಂಥ ಸದ್ದಿನಲ್ಲಿ ನುಡಿಸುತ್ತಾರೆ. ಬ್ಯಾಂಡ್ ತಾನೂ ತಗ್ಗುತ್ತದೆ. ರಾಡ್ ಡೆಆತ್ ಡ್ರಮ್ಸ್ ಮೇಲೆ ಬಲ ಬಿಟ್ಟು ಸಿಂಬಲ್ ಅಂಚಿಗೆ ಹೋಗುತ್ತಾರೆ. ಲೂ ಮಾರ್ಟಿನ್ ಎರಡು ಮೂರು ಸ್ವರ ಹಾಕಿ ಕಾಯುತ್ತಾರೆ. ಯಾರಿಗೂ ಅವಸರವಿಲ್ಲ. ಆಮೇಲೆ ನಾಬ್ ಸ್ವಲ್ಪ ಸ್ವಲ್ಪವೇ ಏರುತ್ತದೆ. ಸದ್ದು ದೊಡ್ಡದಾಗುವುದರ ಜೊತೆಗೆ ಬಿರುಕು ಬಿಡೋಕೂ ಶುರುವಾಗುತ್ತದೆ. ಕಛೇರಿಯಲ್ಲಿ ಹಾಡುವವರು ಕಲ್ಪನಾಸ್ವರಕ್ಕೆ ಕೈಹಾಕಿದಾಗ ಮೃದಂಗದವರು ಮುಖ ನೋಡಿಕೊಂಡೇ ನುಡಿಸುತ್ತಾರಲ್ಲ, ಇಲ್ಲಿರೋದೂ ಅದೇ ಥರದ ಎಚ್ಚರ. ಸೋಲೋ ಎಷ್ಟು ಸುತ್ತು ಹೋಗುತ್ತದೆ ಅಂತ ಮುಂಚೆಯೇ ಬರೆದಿಟ್ಟುಕೊಂಡ ಹಾಗೆ ಇಲ್ಲವೇ ಇಲ್ಲ.

ಎರಡನೆಯದು 'ವಾಕ್ ಆನ್ ಹಾಟ್ ಕೋಲ್ಸ್'. ಹನ್ನೊಂದು ನಿಮಿಷ ದಾಟುತ್ತದೆ. ಉದ್ದ ಅಂದಿರಲ್ಲ, ಇದನ್ನೇ ನೆನೆಸಿಕೊಂಡು ಅಂದಿರಬೇಕು. ಇಲ್ಲಿ ಗಿಟಾರ್ ಬಿಟ್ಟು ಜೆರಿ ಮೆಕ್‌ಅವೋಯ್ ಅವರ ಬೇಸನ್ನು ಮಾತ್ರ ಹಿಂಬಾಲಿಸಿ. ಗಿಟಾರ್ ಮೇಲೇರಿದಾಗ ಬೇಸ್ ಕೆಳಗೆ ಗಟ್ಟಿಯಾಗಿ ನಿಲ್ಲುತ್ತದೆ. ಗಿಟಾರ್ ಉಸಿರು ಬಿಟ್ಟಾಗ ಬೇಸ್ ಓಡಾಡುತ್ತದೆ. ನಿಮ್ಮ ಬೇಸ್ ನುಡಿಸುವ ಗೆಳೆಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನೀವು ಸೋಲೋಗೆ ಹೋದಾಗ ಅವನು ಏನು ಮಾಡಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

'ಆಸ್ ದ ಕ್ರೋ ಫ್ಲೈಸ್' ಟೋನಿ ಜೋ ವೈಟ್ ಬರೆದ ಹಾಡು. ಬ್ಯಾಂಡ್ ಪಕ್ಕಕ್ಕೆ ಸರಿಯುತ್ತದೆ. ಎಲೆಕ್ಟ್ರಿಕ್ ಇಲ್ಲ, ರೋರಿ ಒಬ್ಬರೇ, ಜೊತೆಗೆ ಹಾರ್ಮೋನಿಕಾ. ಎಡಬಲ ಗದ್ದಲದ ಹಾಡುಗಳ ನಡುವೆ ಆರು ನಿಮಿಷ ಒಬ್ಬನೇ ನಿಂತು ಇಡೀ ಹಾಲ್ ಹಿಡಿದಿಡುವ ಧೈರ್ಯ ಎಲ್ಲರಿಗೂ ಬರೋದಿಲ್ಲ. ಹೆಬ್ಬೆರಳು ತಾಳ ಹಿಡಿದಿದೆ, ಉಳಿದ ಬೆರಳುಗಳು ಹಾಡಿಗೆ ಉತ್ತರ ಕೊಡುತ್ತಿವೆ. ಅಲ್ಲೂ ರಿದಮ್, ಲೀಡ್ ಎರಡೂ ಒಬ್ಬನದೇ. 'ಹೂಸ್ ದಟ್ ಕಮಿಂಗ್'ನಲ್ಲಿ ಸ್ಲೈಡ್ (ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಬಗೆ) ಕೇಳಿ. ಮಡ್ಡಿ ವಾಟರ್ಸ್ ಅವರ 'ಐ ವಂಡರ್ ಹೂ', ಜೆ.ಬಿ. ಹಟ್ಟೊ ಅವರ 'ಟೂ ಮಚ್ ಆಲ್ಕೋಹಾಲ್' ಬ್ಲೂಸ್ ಹಾಡುಗಳು. ಸದ್ಯಕ್ಕೆ ಅವನ್ನು ಬಿಟ್ಟರೂ ನಡೆಯುತ್ತದೆ. ಬ್ಲೂಸ್ ಕಿವಿಗೆ ಅಭ್ಯಾಸವಾದ ಮೇಲೆ ನೀವೇ ಅವಕ್ಕೆ ಮರಳುತ್ತೀರಿ. ಕೊನೆಯ ಭಾಗದ 'ಬ್ಯಾಕ್ ಆನ್ ಮೈ ಸ್ಟಾಂಪಿನ್ ಗ್ರೌಂಡ್' ಮಾತ್ರ ಜನರ ಮುಂದೆ ನುಡಿಸಿದ್ದಲ್ಲ. ಹಾಡಿನ ಹೆಸರಿಗೇ 'ಆಫ್ಟರ್ ಅವರ್ಸ್' ಅಂತ ಬಾಲ ಹಚ್ಚಿದ್ದಾರೆ, ಕಾರ್ಯಕ್ರಮದ ಹೊರಗಿನ ಜಾಮ್ ಅದು. ಮುಚ್ಚಿಟ್ಟಿಲ್ಲ, ಹೇಳಿಯೇ ಹಾಕಿದ್ದಾರೆ. ನಿಮ್ಮ ಗೆಳೆಯನಿಗೆ ಇದನ್ನೂ ಹೇಳಿ.

ಯಾವ ಆವೃತ್ತಿ ಕೇಳಬೇಕು ಅಂತ ಗೊಂದಲ ಆಗಬಹುದು. ನಲವತ್ತು ವರ್ಷ ತುಂಬಿದಾಗ, 2014ರಲ್ಲಿ, ಏಳು ಸಿಡಿ ಮತ್ತು ಒಂದು ಡಿವಿಡಿಯ ದೊಡ್ಡ ಪೆಟ್ಟಿಗೆ ಬಂತು. ಮೂರೂ ಊರಿನ ಕಾರ್ಯಕ್ರಮ ಅದರಲ್ಲಿದೆ. ಮೊದಲು ಮೂಲ ಆಲ್ಬಮ್ಮನ್ನೇ ಕೇಳಿ. ಅದು ಕಿವಿಯಲ್ಲಿ ಕೂತ ಮೇಲೆ ಪೆಟ್ಟಿಗೆಯಿಂದ ಒಂದೇ ಹಾಡನ್ನು ಮೂರು ಊರಲ್ಲಿ ಹೇಗೆ ನುಡಿಸಿದರು ಅಂತ ಹೋಲಿಸಿ ನೋಡಿ. ಹಾಡು ಅದೇ, ಸೋಲೋ ಬೇರೆ, ವೇಗ ಸ್ವಲ್ಪ ಬೇರೆ, ನಿಲ್ಲಿಸುವ ಜಾಗ ಬೇರೆ. ಯಾವುದನ್ನು ಬಾಯಿಪಾಠ ಮಾಡಿಕೊಂಡಿದ್ದರು, ಯಾವುದು ಆ ಕ್ಷಣಕ್ಕೆ ಬಂದದ್ದು ಅಂತ ಆಗ ಕೈಗೆ ಸಿಗುತ್ತದೆ.

ಈಗ ಪೆಡಲ್. ನಿಮಗೆ ಬೇಸರ ಆಗಬಹುದು, ಆದರೆ ಆ ಸದ್ದಿನಲ್ಲಿ ಪೆಡಲಿನ ಪಾಲು ತೀರಾ ಕಡಿಮೆ. ಎಪ್ಪತ್ತರ ದಶಕದ ಶುರುವಿನ ರೋರಿ ಸದ್ದು ಅಂದರೆ ಮೂರೇ ವಸ್ತು: ಸ್ಟ್ರ್ಯಾಟ್ (ಅದೇ ಸ್ಟ್ರ್ಯಾಟೋಕ್ಯಾಸ್ಟರ್), ವಾಕ್ಸ್ ಎಸಿ30 ಆಂಪ್, ನಡುವೆ ಡಲ್ಲಾಸ್ ರೇಂಜ್‌ಮಾಸ್ಟರ್ ಅನ್ನೋ ಟ್ರೆಬಲ್ ಬೂಸ್ಟರ್. ಕ್ವೀನ್ ಬ್ಯಾಂಡಿನ ಬ್ರಯನ್ ಮೇ ಇನ್ನೂ ಹೆಸರು ಮಾಡುವ ಮುಂಚೆ ಕಾರ್ಯಕ್ರಮ ಮುಗಿದ ಮೇಲೆ ರೋರಿ ಹತ್ತಿರ ಹೋಗಿ ಈ ಸದ್ದು ಹೇಗೆ ಬರುತ್ತದೆ ಅಂತ ಕೇಳಿದ್ದರು. ರೋರಿ ಏನೂ ಮುಚ್ಚಿಡದೆ ಹೇಳಿಕೊಟ್ಟರು. ಬ್ರಯನ್ ಮೇ ಎಸಿ30 ಮತ್ತು ಟ್ರೆಬಲ್ ಬೂಸ್ಟರ್ ಜೋಡಿಯನ್ನು ಇವತ್ತಿಗೂ ಬಿಟ್ಟಿಲ್ಲ.

ರೇಂಜ್‌ಮಾಸ್ಟರ್ ಅನ್ನೋದು ಕಾಲಲ್ಲಿ ಒತ್ತುವ ಪೆಡಲ್ ಆಗಿರಲಿಲ್ಲ. ಆಂಪ್ ತಲೆಯ ಮೇಲೆ ಇಡುವ ಡಬ್ಬಿ. ಒಳಗೆ ಒಂದೇ ಒಂದು ಜರ್ಮೇನಿಯಮ್ ಟ್ರಾನ್ಸಿಸ್ಟರ್. ಹೊರಗೆ ಒಂದು ನಾಬ್, ಒಂದು ಸ್ವಿಚ್. ಅದು ತಾನಾಗಿ ಜಾಸ್ತಿ ಒಡಕು ಸದ್ದು ಮಾಡೋದಿಲ್ಲ. ಗಿಟಾರಿನ ಕೆಳಗಿನ ದಪ್ಪ ಸದ್ದನ್ನು ತೆಳುಮಾಡಿ, ಮೇಲಿನದನ್ನು ಎತ್ತಿ, ಆಂಪಿನ ವಾಲ್ವ್‌ಗಳ ಮೇಲೆ ನೂಕುತ್ತದೆ. ಮೊದಲೇ ಜೋರಾಗಿ ಇಟ್ಟ ಆಂಪಿನ ಸದ್ದು ಆಗ ಒಡೆಯುತ್ತದೆ. ದಪ್ಪ ಸದ್ದು ಮುಂಚೆಯೇ ಕಡಿಮೆಯಾಗಿರೋದರಿಂದ ಕೆಸರಾಗುವುದಿಲ್ಲ, ಬೇಸ್ ಮತ್ತು ಡ್ರಮ್ಸ್ ನಡುವಿನಿಂದ ಗಿಟಾರ್ ಸೀಳಿಕೊಂಡು ಬರುತ್ತದೆ. ಒಬ್ಬರೇ ಕೂತು ನುಡಿಸಿದರೆ ಈ ಸದ್ದು ಕರ್ಕಶ ಅನಿಸಬಹುದು. ಬ್ಯಾಂಡ್ ಜೊತೆ ಸೇರಿದಾಗ ಮಾತ್ರ ಅರ್ಥವಾಗುತ್ತದೆ.

ಆಟ ಇರೋದು ಮುಂದೆ. ಈ ಜೋಡಣೆಯಲ್ಲಿ ಗಿಟಾರಿನ ವಾಲ್ಯೂಮ್ ನಾಬ್ ಹತ್ತರಿಂದ ಆರಕ್ಕೆ ಇಳಿಸಿದರೆ ಸದ್ದು ಬರೀ ಸಣ್ಣದಾಗುವುದಿಲ್ಲ, ಚೊಕ್ಕ ಆಗುತ್ತದೆ. ಹತ್ತಕ್ಕೆ ಏರಿಸಿದರೆ ಕಿರುಚುತ್ತದೆ. ಸ್ಟ್ರ್ಯಾಟಿನ ವಾಲ್ಯೂಮ್ ನಾಬ್ ಕಿರುಬೆರಳಿಗೆ ಎಟಕುವಷ್ಟು ಹತ್ತಿರ ಇದೆ. ನುಡಿಸುತ್ತಿರುವಾಗಲೇ ತಿರುಗಿಸಬಹುದು. ಟೋನ್ ನಾಬನ್ನೂ ರೋರಿ ಬಿಡುತ್ತಿರಲಿಲ್ಲ. ಸ್ವರ ಮೀಟಿ ಅದನ್ನು ತಿರುಗಿಸಿ 'ವಾ-ವಾ' ಅನ್ನುವ ವಾಹ್ ಪೆಡಲಿನಂಥ ಸದ್ದು ತೆಗೆಯುತ್ತಿದ್ದರು. ಮೇಲೆ 'ಎ ಮಿಲಿಯನ್ ಮೈಲ್ಸ್ ಅವೇ' ಬಗ್ಗೆ ಹೇಳಿದ ಏರಿಳಿತ ಎಲ್ಲ ಕೈಯಲ್ಲಿ ಆದದ್ದು.

ಹಾಗಾಗಿ ನನ್ನ ಸಲಹೆ: ಇರುವ ಪೆಡಲ್‌ಗಳನ್ನೆಲ್ಲ ಒಂದು ತಿಂಗಳು ಪಕ್ಕಕ್ಕಿಡಿ. ಆಂಪನ್ನು ಸದ್ದು ಇನ್ನೇನು ಒಡೆಯುತ್ತದೆ ಅನ್ನುವ ಮಟ್ಟಕ್ಕೆ ಇಟ್ಟು, ಬರೀ ವಾಲ್ಯೂಮ್ ನಾಬಿನಲ್ಲಿ ಹಾಡಿನ ಪೂರ್ತಿ ಏರಿಳಿತ ತರೋಕೆ ನೋಡಿ. ಎಸಿ30 ಕೊಳ್ಳುವ ಆಸೆ ಬೇಡ. ಮೂವತ್ತು ವಾಟ್ ವಾಲ್ವ್ ಆಂಪ್ ಒಡೆಯುವ ಮಟ್ಟಕ್ಕೆ ಬಂದರೆ ನಿಮ್ಮ ಪಿಜಿ ಓನರ್ ಅದೇ ದಿನ ಖಾಲಿ ಮಾಡಿಸುತ್ತಾರೆ. ಐದು ವಾಟಿನ ಚಿಕ್ಕ ವಾಲ್ವ್ ಆಂಪ್ ಸಾಕು, ಅದೂ ಸಣ್ಣ ಸದ್ದಲ್ಲ.

ಅದಾದ ಮೇಲೂ ಟ್ರೆಬಲ್ ಬೂಸ್ಟರ್ ಬೇಕು ಅನಿಸಿದರೆ ಮೂರು ವಿಷಯ ನೆನಪಿಡಿ. ಗಿಟಾರ್ ಆದ ಕೂಡಲೇ ಮೊದಲು ಅದೇ ಇರಬೇಕು. ಗಿಟಾರಿಗೂ ಅದಕ್ಕೂ ನಡುವೆ ಬಫರ್ (ಸಿಗ್ನಲ್ ಬಲ ಕುಗ್ಗದ ಹಾಗೆ ನೋಡುವ ಸರ್ಕ್ಯೂಟ್) ಇರುವ ಟ್ಯೂನರನ್ನೋ ಬೇರೆ ಪೆಡಲನ್ನೋ ಹಾಕಿದರೆ ವಾಲ್ಯೂಮ್ ನಾಬಿಗೆ ಚೊಕ್ಕ ಆಗುವ ಗುಣ ಹೋಗಿಬಿಡುತ್ತದೆ. ಹಳೆಯ ವಿನ್ಯಾಸದ ಜರ್ಮೇನಿಯಮ್ ಬೂಸ್ಟರ್‌ಗಳು ಸಾಮಾನ್ಯವಾಗಿ ಪಾಸಿಟಿವ್ ಗ್ರೌಂಡ್ ಇರುತ್ತವೆ, ಅಂದರೆ ಬ್ಯಾಟರಿಯ ಪ್ಲಸ್ ತುದಿ ಗ್ರೌಂಡಿಗೆ ಸೇರಿರುತ್ತದೆ. ಉಳಿದ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರ್‌ಗೆ ಸಿಕ್ಕಿಸಬೇಡಿ, 9 ವೋಲ್ಟ್ ಬ್ಯಾಟರಿ ಹಾಕಿ. ಇನ್ನೊಂದು, ಜರ್ಮೇನಿಯಮ್‌ಗೆ ಸೆಕೆ ಆಗಿಬರೋದಿಲ್ಲ. ಬಿಸಿ ಏರಿದ ಹಾಗೆ ಟ್ರಾನ್ಸಿಸ್ಟರಿನ ಲೀಕೇಜ್ ಕರೆಂಟ್ ಜಾಸ್ತಿ ಆಗಿ ಸದ್ದು ಕೆಡುತ್ತದೆ. ಹಾಸನದ ಹವೆಯಲ್ಲಿ ಹೇಗೋ ನಡೆಯುತ್ತದೆ, ಏಪ್ರಿಲ್‌ನಲ್ಲಿ ರಾಯಚೂರಿನ ಕಾಲೇಜು ಫೆಸ್ಟ್‌ಗೆ ಅದನ್ನೇ ಒಯ್ದು ಬಿಸಿಲಲ್ಲಿ ಇಟ್ಟರೆ ಕೈಕೊಡುತ್ತದೆ. ಸಿಲಿಕಾನ್ ಟ್ರಾನ್ಸಿಸ್ಟರ್ ಇರುವ ಬೂಸ್ಟರ್ ತಗೊಳ್ಳಿ. ಸದ್ದು ಸ್ವಲ್ಪ ಚೂಪು, ಆದರೆ ತಲೆನೋವಿಲ್ಲ.

ನಡುವೆ ಒಂದು ವಿಷಯ, ಪ್ರಶ್ನೆಗೆ ಸಂಬಂಧ ಇಲ್ಲದಿದ್ದರೂ ಹೇಳಬೇಕು ಅನಿಸಿತು. ಈ ಆಲ್ಬಮ್ ಬಂದ ಮರುವರ್ಷ, 1975ರ ಜನವರಿಯಲ್ಲಿ, ರೋಲಿಂಗ್ ಸ್ಟೋನ್ಸ್‌ನವರು ಮಿಕ್ ಟೇಲರ್ ಬಿಟ್ಟ ಜಾಗಕ್ಕೆ ಗಿಟಾರಿಸ್ಟ್ ಹುಡುಕುತ್ತಾ ರೋರಿಯವರನ್ನು ರಾಟರ್‌ಡ್ಯಾಮ್‌ಗೆ ಕರೆಸಿದ್ದರು. ಜೊತೆಗೆ ನುಡಿಸಿದ್ದೂ ಆಯಿತು. ಆದರೆ ಅದು ಮುಂದುವರಿಯಲಿಲ್ಲ, ರೋರಿ ತಮ್ಮ ಬ್ಯಾಂಡಿಗೇ ಮರಳಿದರು. ಒಂದು ವೇಳೆ ಸೇರಿ, ಉಳಿದು, ಬದುಕಿದ್ದಿದ್ದರೆ 2003ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸ್ಟೋನ್ಸ್ ಜೊತೆ ನಮ್ಮವರು ಅವರನ್ನೂ ನೋಡಬಹುದಿತ್ತು! ರೋರಿ 1995ರ ಜೂನ್‌ನಲ್ಲಿ ಲಂಡನ್ನಿನಲ್ಲಿ, ಲಿವರ್ ಕಸಿ ಆದ ನಂತರದ ಸೋಂಕಿನಿಂದ ತೀರಿಕೊಂಡರು. ಆಗಿನ್ನೂ 47 ವರ್ಷ.

ಕೊನೆಗೆ ನಿಮ್ಮ ಬ್ಯಾಂಡಿಗೆ ಒಂದು ಕೆಲಸ. ಪ್ರಾಕ್ಟೀಸ್ ರೂಮಿನಲ್ಲಿ ಒಂದು ಮೊಬೈಲನ್ನು ಡ್ರಮ್ಸ್‌ನಿಂದ ದೂರದ ಮೂಲೆಯಲ್ಲಿ, ಎದೆಮಟ್ಟದಲ್ಲಿ ಇಟ್ಟು ಒಂದು ಹಾಡು ನಿಲ್ಲಿಸದೆ ರೆಕಾರ್ಡ್ ಮಾಡಿ. ಆ ಹಾಡಿನಲ್ಲಿ ಸೋಲೋ ಎಷ್ಟು ಸುತ್ತು ಅಂತ ಮುಂಚೆ ಮಾತಾಡಿಕೊಳ್ಳಬೇಡಿ. ನೀವು ವಾಲ್ಯೂಮ್ ನಾಬ್ ಇಳಿಸಿದಾಗ ಉಳಿದ ಮೂವರೂ ಇಳಿದರಾ, ಮತ್ತೆ ಏರಿಸಿದಾಗ ಎಷ್ಟು ಸುತ್ತಿಗೆ ಜೊತೆ ಬಂದರು, ಸೋಲೋ ಅಡಿಯ ಹಳ್ಳವನ್ನು ಕೀಬೋರ್ಡಿನವರು ತುಂಬಿದರಾ ಅಥವಾ ಸುಮ್ನೆ ಕಾರ್ಡ್ ಒತ್ತಿಕೊಂಡು ಕೂತಿದ್ದರಾ ಅಂತ ನಾಲ್ವರೂ ಸೇರಿ ಕೇಳಿ. ಅದೇ ದಿನ ಮತ್ತೆ 'ವಾಕ್ ಆನ್ ಹಾಟ್ ಕೋಲ್ಸ್' ಹಾಕಿ ಕೇಳಿ. ಆಗಲೂ ಹನ್ನೊಂದು ನಿಮಿಷ ಉದ್ದ ಅನಿಸಿದರೆ ಇನ್ನೊಂದು ಪ್ರಶ್ನೆ ಬರೆದು ಕಳಿಸಿ.